ಕೊತ್ತಂಬರಿ ಸೊಪ್ಪಿಗೆ ಹೋದವಳು ಕಂಡ ಮುಲೂಜ್

ಮೊದಲು ಈ ದಾರದ ಲಡಿ ನೋಡಿ. ಹಿಂದೆ ಕೂತವರಿಗೆ ಕಾಣಿಸದಿದ್ದರೂ ಪರವಾಗಿಲ್ಲ, ಇಂಥದ್ದನ್ನು ನೀವು ಎಲ್ಲಾದರೂ ನೋಡೇ ಇರುತ್ತೀರಿ. ಕಸೂತಿ ದಾರ. ಎರಡು ತುದಿಗೂ ಕಾಗದದ ಪಟ್ಟಿ. ಒಂದರಲ್ಲಿ ಬಣ್ಣದ ನಂಬರ್, ಇನ್ನೊಂದರಲ್ಲಿ ಡಿಎಂಸಿ ಎಂಬ ಮೂರು ಅಕ್ಷರ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತಿದ್ದದ್ದು ಆಂಕರ್ ದಾರ. ಡಿಎಂಸಿ ಬರುತ್ತಿದ್ದದ್ದು ದುಬೈನಲ್ಲಿದ್ದ ಚಿಕ್ಕಮ್ಮನ ಸೂಟ್‌ಕೇಸಿನಲ್ಲಿ. ಅಮ್ಮ ಅದನ್ನು ಬಿಸ್ಕತ್ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ಸುಮ್ನೆ ಮುಟ್ಟಿದರೂ ಬೈಗುಳ.

ಆ ದಾರದ ಊರು ಮುಲೂಜ್. ಫ್ರಾನ್ಸಿನ ಪೂರ್ವದ ತುದಿ, ಆಲ್ಸಾಸ್ ಸೀಮೆ. ಒಂದು ಕಡೆ ಹೋದರೆ ಜರ್ಮನಿ, ಇನ್ನೊಂದು ಕಡೆ ಹೋದರೆ ಸ್ವಿಟ್ಜರ್ಲೆಂಡಿನ ಬಾಸೆಲ್, ಎರಡೂ ಅರ್ಧ ಗಂಟೆಯ ದಾರಿ. ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಜನ. 2008ರಲ್ಲಿ ನಾನು ಬಣ್ಣಗಳ ರಸಾಯನಶಾಸ್ತ್ರ ಓದಲು ಅಲ್ಲಿಗೆ ಹೋಗಿ ಎರಡು ವರ್ಷ ಇದ್ದೆ. ಆಮೇಲೆ ಹನ್ನೆರಡು ವರ್ಷ ಅತ್ತ ತಲೆ ಹಾಕಲಿಲ್ಲ. 2022ರಲ್ಲಿ ಮತ್ತೆ ಹೋದೆ.

ಮೊದಲ ಸಲ ಇದ್ದಾಗ ಮನೆಗೆ ಫೋನ್ ಮಾಡಿ, "ಇದು ಸತ್ತ ಊರು ಅಮ್ಮ" ಎಂದಿದ್ದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ಮಾತು ಎಷ್ಟು ತಪ್ಪಾಗಿತ್ತು ಎಂಬುದನ್ನು. ಊರು ಆಮೇಲೆ ಬದಲಾಯಿತು, ನಿಜ. ಆದರೆ ಬದಲಾಗುವ ಮೊದಲೇ ನನ್ನ ಮಾತು ತಪ್ಪಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಮುಲೂಜ್ ಎಂದರೆ ಗಿರಣಿ ಮನೆ, ಊರಿನ ಲಾಂಛನವೂ ಗಿರಣಿಯ ಚಕ್ರವೇ. ಬಹಳ ಕಾಲ ಅದು ಫ್ರಾನ್ಸಿನ ಊರೇ ಆಗಿರಲಿಲ್ಲ. ಸ್ವಿಸ್ ಪ್ರಾಂತ್ಯಗಳ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ ಪುಟ್ಟ ಗಣರಾಜ್ಯ. ಸುತ್ತಲೂ ಫ್ರಾನ್ಸ್, ನಡುವೆ ಇದು. ಈ ವಿಚಿತ್ರದಿಂದಲೇ ಊರಿಗೆ ದುಡ್ಡು ಬಂತು.

ಹೇಗೆ ಅಂತೀರಾ? ನಮ್ಮ ಕೋರಮಂಡಲ ತೀರದಿಂದ ಹೂಬಳ್ಳಿ ಬಿಡಿಸಿದ ಹತ್ತಿ ಬಟ್ಟೆ ಆಗ ಯುರೋಪಿಗೆ ಹೋಗುತ್ತಿತ್ತು. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಅನ್ನುತ್ತಿದ್ದರಲ್ಲ, ಆ ಜಾತಿಯದು. ಫ್ರೆಂಚರು ಅದನ್ನು 'ಆಂದಿಯೆನ್' ಎಂದು ಕರೆದರು, ಅಂದರೆ ಇಂಡಿಯಾದ್ದು. ಹಗುರ, ಅಗ್ಗ, ಎಷ್ಟು ತೊಳೆದರೂ ಬಣ್ಣ ಹೋಗುವುದಿಲ್ಲ. ಜನ ಮುಗಿಬಿದ್ದರು. ಅಲ್ಲಿನ ರೇಷ್ಮೆ, ಉಣ್ಣೆಯವರು ಬಾಯಿ ಬಡಿದುಕೊಂಡರು. 1686ರಲ್ಲಿ ದೊರೆ 14ನೇ ಲೂಯಿಯ ಸರ್ಕಾರ ಆ ಬಟ್ಟೆಯನ್ನು ನಿಷೇಧಿಸಿತು. ತರುವಂತಿಲ್ಲ, ಅದನ್ನು ನೋಡಿ ಅಚ್ಚು ಹಾಕುವಂತೆಯೂ ಇಲ್ಲ. ನಿಷೇಧ ತೆಗೆದದ್ದು 1759ರಲ್ಲಿ. ಮುಲೂಜ್ ಫ್ರಾನ್ಸಿನ ಹೊರಗಿತ್ತಲ್ಲ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. 1746ರಲ್ಲಿ ಅಲ್ಲಿನ ಕೆಲವರು ಸೇರಿ ಅಚ್ಚಿನ ಕಾರ್ಖಾನೆ ಶುರು ಮಾಡಿದರು. ಅವರಲ್ಲಿ ಒಬ್ಬ ದೋಲ್ಫುಸ್ ಮನೆತನದವ. 1800ರಲ್ಲಿ ಅದೇ ಮನೆತನದ ಇನ್ನೊಬ್ಬ ತನ್ನ ಹೆಸರಿಗೆ ಹೆಂಡತಿಯ ತವರಿನ ಹೆಸರು ಮೀಗ್ ಸೇರಿಸಿಕೊಂಡ. ದೋಲ್ಫುಸ್-ಮೀಗ್ ಮತ್ತು ಕಂಪನಿ. ಅದೇ ಈ ಡಿ, ಎಂ, ಸಿ.

ಅಂದರೆ ನಮ್ಮ ಬಟ್ಟೆ ನೋಡಿ ಕಲಿತವರ ಊರಿನಿಂದ ದಾರ ದುಬೈ ಸುತ್ತಿ ನಮ್ಮಮ್ಮನ ಡಬ್ಬಿಗೆ ಬಂದಿತ್ತು.

ಇನ್ನೊಂದು ಹೇಳಿಬಿಡುತ್ತೇನೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ನಮ್ಮ ದೇವರ ಮನೆಗಳಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟ ಇರುತ್ತಿತ್ತಲ್ಲ, ಅದು ಕಲ್ಲಿನ ಮೇಲೆ ಒಂದೊಂದೇ ಬಣ್ಣ ಬಿಡಿಸಿ ಒಂದರ ಮೇಲೊಂದು ಒತ್ತಿ ಮುದ್ರಿಸಿದ್ದು. ಆ ಬಣ್ಣದ ಕಲ್ಲಚ್ಚಿಗೆ 1837ರಲ್ಲಿ ಪೇಟೆಂಟ್ ಪಡೆದ ಗೊದ್‌ಫ್ರುವಾ ಎಂಗೆಲ್‌ಮಾನ್ ಕೂಡ ಮುಲೂಜಿನವನೇ. ನಾನು ಅಲ್ಲಿದ್ದ ಎರಡು ವರ್ಷದಲ್ಲಿ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಊರಿನ ಮೇಲೆ ಸ್ವಲ್ಪ ಜಾಸ್ತಿ ಮರ್ಯಾದೆ ಇರುತ್ತಿತ್ತೋ ಏನೋ.

1798ರಲ್ಲಿ ಮುಲೂಜ್ ಫ್ರಾನ್ಸಿಗೆ ಸೇರಿತು. ಊರ ಮಧ್ಯದ ಚೌಕಕ್ಕೆ ಆ ಸೇರ್ಪಡೆಯದೇ ಹೆಸರು: ಪ್ಲಾಸ್ ದ ಲಾ ರೆಯುನಿಯೋಂ. ಆಮೇಲೆ 1871ರಲ್ಲಿ ಜರ್ಮನಿಗೆ ಹೋಯಿತು, 1918ರಲ್ಲಿ ವಾಪಸ್ ಬಂತು, 1940ರಲ್ಲಿ ಮತ್ತೆ ಜರ್ಮನರ ಕೈಗೆ, ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಫ್ರಾನ್ಸಿಗೆ. ಊರಿನ ಮುಖ್ಯ ಪೇಟೆ ಬೀದಿಯ ಹೆಸರು ರ್ಯು ದ್ಯು ಸೋವಾಜ್, ಅಂದರೆ ಕಾಡುಮನುಷ್ಯನ ಬೀದಿ. ನಾಜಿಗಳು ಬಂದಾಗ ಎಲ್ಲ ಊರಿನಲ್ಲಿ ಮಾಡಿದ ಹಾಗೆ ಇಲ್ಲೂ ದೊಡ್ಡ ಬೀದಿಗೆ ಹಿಟ್ಲರನ ಹೆಸರಿಟ್ಟರು. ಕಾಡುಮನುಷ್ಯನ ಬೋರ್ಡ್ ಕಿತ್ತು ಹಿಟ್ಲರನ ಬೋರ್ಡ್! ಇದನ್ನು ಹೇಳುವಾಗ ಅಲ್ಲಿನ ಮುದುಕರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಈಗ 2008ಕ್ಕೆ ಬರೋಣ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹತ್ತಿರದ ಪೊಟ್ಯಾಶ್ ಗಣಿಯೂ 2002ರಲ್ಲಿ ನಿಂತಿತ್ತು. ಟ್ರಾಮ್ ಹೊಸದು, 2006ರದು. ನಿಲ್ದಾಣಗಳಲ್ಲಿ ದಾನಿಯೆಲ್ ಬುರೆನ್ ಎಂಬ ಹೆಸರಾಂತ ಕಲಾವಿದ ಮಾಡಿದ ಬಣ್ಣದ ಕಮಾನುಗಳು. ಕಮಾನು ಚೆನ್ನಾಗಿತ್ತು. ಅದರಡಿ ಇಳಿದು ನೋಡಿದರೆ ಅಂಗಡಿಗಳ ಗಾಜಿಗೆ ಒಳಗಿನಿಂದ ಸುಣ್ಣ ಬಳಿದಿರುತ್ತಿತ್ತು. ಅಂಗಡಿ ಖಾಲಿ ಮಾಡುವವರು ಅಲ್ಲಿ ಹಾಗೆ ಸೀಮೆಸುಣ್ಣದ ಪುಡಿ ಕಲಸಿ ಗಾಜಿಗೆ ಬಳಿದು ಹೋಗುತ್ತಾರೆ. ಒಳಗೆ ಕಾಣಬಾರದು ಅಂತ. ಆ ಬಿಳಿ ಗಾಜುಗಳ ಮಧ್ಯೆ ಬಾಡಿಗೆಗಿದೆ ಎಂಬ ಹಳದಿ ಚೀಟಿ. ಸಂಜೆ ಏಳಕ್ಕೆ ಬೀದಿಯಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು.

ಆದರೆ ಪ್ರತಿ ಶನಿವಾರ ನಾನು ಎಲ್ಲಿಗೆ ಹೋಗುತ್ತಿದ್ದೆ ಗೊತ್ತಾ? ಸಂತೆಗೆ. ಕೊತ್ತಂಬರಿ ಸೊಪ್ಪಿಗೆ. ಸೂಪರ್‌ಮಾರ್ಕೆಟಿನಲ್ಲಿ ಕೊತ್ತಂಬರಿ ಅಂದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಂಟು ಎಸಳು, ಗಾಜಿನ ಬಳೆ ಮಾರುವ ಹಾಗೆ. ಸಂತೆಯಲ್ಲಿ ಒಂದು ಕಂತೆ, ಬೇರು ಸಮೇತ, ಮಣ್ಣು ಸಮೇತ.

ಆ ಸಂತೆಯ ಹೆಸರು ಮಾರ್ಷೆ ದ್ಯು ಕನಾಲ್ ಕುವೇರ್. ಮುಚ್ಚಿದ ಕಾಲುವೆಯ ಸಂತೆ. ಪೇಟೆ ಬೀದಿಯಿಂದ ನಡೆದು ಹೋಗಬಹುದಾದಷ್ಟು ಹತ್ತಿರ. ಮಂಗಳವಾರ, ಗುರುವಾರ, ಶನಿವಾರ ನಡೆಯುತ್ತದೆ. ಮಧ್ಯೆ ಒಂದು ಹಳೆಯ ಚಾವಣಿ ಕಟ್ಟಡ, ಅದರೊಳಗೆ ಮಾಂಸ, ಮೀನು, ಚೀಸ್, ಬ್ರೆಡ್. ಹೊರಗೆ ತರಕಾರಿ, ಹಣ್ಣು, ಬಟ್ಟೆ, ಪಾತ್ರೆ, ಚಪ್ಪಲಿ, ಪರದೆ. ಶನಿವಾರ ಮುನ್ನೂರಕ್ಕೂ ಜಾಸ್ತಿ ಮಂದಿ ಅಂಗಡಿ ಹಾಕುತ್ತಾರೆ. ಪೂರ್ವ ಫ್ರಾನ್ಸಿನಲ್ಲಿ ಇಷ್ಟು ದೊಡ್ಡ ಸಂತೆ ಬೇರೆ ಕಡೆ ಸಿಗುವುದು ಕಷ್ಟ.

ಒಂದು ಶನಿವಾರ ಹೇಗಿರುತ್ತದೆ ಎಂದು ಹೇಳುತ್ತೇನೆ. ಚಾವಣಿಯ ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆಯುವುದು ಮುನ್‌ಸ್ಟರ್ ಚೀಸ್. ಪಕ್ಕದ ಕಣಿವೆಯದು. ಅದನ್ನು ಅವರು ಜೀರಿಗೆ ಉದುರಿಸಿಕೊಂಡು ತಿನ್ನುತ್ತಾರೆ ಎಂದು ಕೇಳಿ ನನಗೆ ಖುಷಿಯೋ ಖುಷಿ, ಪರದೇಶದಲ್ಲಿ ಜೀರಿಗೆ! ಬಾಯಿಗೆ ಹಾಕಿಕೊಂಡರೆ ಅದು ನಮ್ಮ ಜೀರಿಗೆ ಅಲ್ಲ. ನೋಡಲು ಹಾಗೇ ಇರುವ, ಸೋಂಪಿನ ವಾಸನೆ ಬೆರೆತಂಥ ಇನ್ನೊಂದು ಕಾಳು. ಅವರ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು. ಆಚೆ ಒಂದು ಕಡೆ ಉಪ್ಪು ಹಾಕಿ ಹುಳಿ ಬರಿಸಿದ ಕೋಸು, ಶುಕ್ರೂತ್. ಅದನ್ನು ತೂಕ ಮಾಡಿ ಕೊಡುತ್ತಾರೆ. ಏಪ್ರಿಲ್ ಬಂದರೆ ಬಿಳಿ ಶತಾವರಿ ದಂಟು, ಸೆಪ್ಟೆಂಬರ್ ಬಂದರೆ ನೀಲಿ ಪ್ಲಮ್. ಕ್ಯಾಲೆಂಡರ್ ನೋಡಬೇಕಾಗಿಲ್ಲ.

ಹೊರಗೆ ಬಂದರೆ ಬೇರೆಯೇ ಲೋಕ. ಅಲ್ಜೀರಿಯಾ, ಮೊರಾಕೊ, ಟರ್ಕಿಯಿಂದ ಬಂದು ನೆಲೆಸಿದವರ ಅಂಗಡಿ ಸಾಲು. ಆಲಿವ್ ತೊಟ್ಟಿಗಳು, ಉಪ್ಪು ನಿಂಬೆಕಾಯಿ, ಪುದೀನ ಹೊರೆ, ಹಸಿಮೆಣಸಿನಕಾಯಿ. ಉಪ್ಪು ನಿಂಬೆಕಾಯಿ ನಮ್ಮ ಮನೆಯದೇ ರುಚಿ, ಖಾರ ಒಂದಿಲ್ಲ. ನನ್ನ ಕೊತ್ತಂಬರಿಯವರು ಅಲ್ಜೀರಿಯಾದವರು. ವಯಸ್ಸಾದವರು, ತಲೆಗೆ ಉಣ್ಣೆ ಟೋಪಿ. ನನ್ನನ್ನು "ಮಾ ಫೀಯ್" ಎನ್ನುತ್ತಿದ್ದರು, ನನ್ನ ಮಗಳೇ ಅಂತ. ಎರಡು ವರ್ಷದಲ್ಲಿ ಅವರ ಹೆಸರನ್ನು ನಾನು ಕೇಳಲಿಲ್ಲ, ನನ್ನದನ್ನು ಅವರು ಕೇಳಲಿಲ್ಲ. ನಾನು ಎದುರು ನಿಂತರೆ ಸಾಕು, ಕೈ ಕೊತ್ತಂಬರಿ ಕಡೆ ಹೋಗುತ್ತಿತ್ತು.

ಮೊದಲ ತಿಂಗಳು ನಾನು ಬೈಸಿಕೊಂಡದ್ದೂ ಅಲ್ಲೇ, ಬೇರೊಂದು ಅಂಗಡಿಯಲ್ಲಿ. ಪೀಚ್ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ನಮ್ಮ ಅಭ್ಯಾಸ ಅಲ್ವಾ? ಮೂಸುವುದು, ಒತ್ತುವುದು, ಬೆಂಡೆಕಾಯಿಯಾದರೆ ತುದಿ ಮುರಿಯುವುದು. ಅಂಗಡಿಯಾಕೆ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳು: "ಮುಟ್ಟಬೇಡಿ, ಅದಕ್ಕೇ ನಾನಿರುವುದು!" ಮುಖ ಇಷ್ಟು ಸಣ್ಣದಾಯಿತು. ಮರುಕ್ಷಣ ಅದೇ ಹೆಂಗಸು ಕೇಳಿದಳು, "ಯಾವಾಗ ತಿನ್ನುತ್ತೀರಿ? ಇವತ್ತು ಮಧ್ಯಾಹ್ನಕ್ಕಾ, ರಾತ್ರಿಗಾ, ನಾಳೆಗಾ?" ರಾತ್ರಿಗೆ ಎಂದೆ. ಐದಾರು ಹಣ್ಣು ಬದಿಗೆ ಸರಿಸಿ ಎರಡನ್ನು ಆರಿಸಿ ಕೊಟ್ಟಳು. ರಾತ್ರಿಗೆ ಸರಿಯಾಗಿ ಹಣ್ಣಾಗಿತ್ತು! ಅವತ್ತಿನಿಂದ ನಾನು ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದೆ.

ಅಲ್ಲಿ ಚೌಕಾಸಿ ಇಲ್ಲ. ಬೆಲೆ ಬರೆದಿರಬೇಕು, ಹಣ್ಣು ತರಕಾರಿ ಎಲ್ಲಿಂದ ಬಂದದ್ದು ಎಂದೂ ಬರೆದಿರಬೇಕು, ಅದು ಕಾನೂನು. ಆದರೆ ಕೊಸರು ಇದೆ. ತೂಕ ಮುಗಿದ ಮೇಲೆ ಒಂದು ಹಿಡಿ ಪಾರ್ಸ್ಲಿ ಸೊಪ್ಪು ಮೇಲೆ ಹಾಕುತ್ತಾರೆ, ದುಡ್ಡಿಲ್ಲ. ಒಂದೊಂದು ಸಾಮಾನು ಕೊಟ್ಟ ಮೇಲೂ "ಎ ಅವೆಕ್ ಸೆಸಿ?" ಎಂದು ಕೇಳುತ್ತಾರೆ. ನಮ್ಮ ದಿನಸಿ ಅಂಗಡಿಯವರ "ಮತ್ತೇನು ಕೊಡ್ಲಿ?" ಇದೆಯಲ್ಲ, ಅದೇ ರಾಗ. ಮಧ್ಯಾಹ್ನ ಇಳಿದ ಮೇಲೆ ಕೂಗು ಶುರು. ಉಳಿದ ಹಣ್ಣನ್ನು ಟ್ರೇಗಳಲ್ಲಿ ಸುರಿದು "ಒಂದು ಯೂರೋ, ಒಂದು ಯೂರೋ!" ಆಗ ಬರುವವರು ಬೇರೆ. ಕೆಲಸ ಇಲ್ಲದವರು, ದೊಡ್ಡ ಸಂಸಾರದವರು, ನಮ್ಮಂಥ ವಿದ್ಯಾರ್ಥಿಗಳು.

ಈಗ ನನ್ನ ತಪ್ಪು ಗೊತ್ತಾಯಿತಾ? ವಾರ ವಾರ ಸಾವಿರಾರು ಜನರ ಮಧ್ಯೆ ನೂಕಿಸಿಕೊಂಡು ಕೊತ್ತಂಬರಿ ತಂದು, ಅದೇ ಸಂಜೆ ಅಮ್ಮನಿಗೆ ಫೋನ್ ಮಾಡಿ ಸತ್ತ ಊರು ಎನ್ನುತ್ತಿದ್ದೆ. ನನ್ನ ಲೆಕ್ಕದಲ್ಲಿ ಊರು ಎಂದರೆ ಗಾಜಿನ ಅಂಗಡಿ. ಸಂತೆ ಊರಿನೊಳಗೆ ಬರಲೇ ಇಲ್ಲ.

ಇದು ನನ್ನೊಬ್ಬಳ ಲೆಕ್ಕ ಅಲ್ಲ ಎಂದು ಆಮೇಲೆ ತಿಳಿಯಿತು. ಊರ ಮಧ್ಯದ ಸ್ಥಿತಿ ಅಳೆಯಲು ಫ್ರಾನ್ಸಿನಲ್ಲಿ ನೋಡುವ ಮುಖ್ಯ ಅಂಕಿ ಎಂದರೆ ನೂರು ಅಂಗಡಿಯಲ್ಲಿ ಎಷ್ಟು ಖಾಲಿ ಎಂಬುದು. ಬಾಗಿಲು, ಗೋಡೆ ಇದ್ದರೆ ಅಂಗಡಿ. ಬೆಳಿಗ್ಗೆ ಕಟ್ಟಿ ಸಂಜೆ ಬಿಚ್ಚುವ ಡೇರೆ ಲೆಕ್ಕಕ್ಕಿಲ್ಲ.

ಖಾಲಿ ಆದದ್ದು ಏಕೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 1963ರ ಜೂನ್‌ನಲ್ಲಿ ಪ್ಯಾರಿಸ್ ಹೊರವಲಯದ ಸೇಂತ್-ಜೆನವಿಯೆವ್-ದೆ-ಬುವಾದಲ್ಲಿ ಕಾರ್ಫೂರ್ ಕಂಪನಿ ಫ್ರಾನ್ಸಿನ ಮೊದಲ ಹೈಪರ್‌ಮಾರ್ಕೆಟ್ ತೆರೆಯಿತು. 2,500 ಚದರ ಮೀಟರ್ ಅಂಗಡಿ, ಮುಂದೆ 400 ಕಾರಿಗೆ ಜಾಗ. ಅಲ್ಲಿಂದ ಪ್ರತಿ ಊರಿನ ಹೊರಗೂ ತಗಡಿನ ದೊಡ್ಡ ಡಬ್ಬಿಗಳು ಎದ್ದವು. ಸಣ್ಣ ವ್ಯಾಪಾರಿಗಳು ಗಲಾಟೆ ಮಾಡಿದ ಮೇಲೆ 1973ರಲ್ಲಿ ರ್ವಾಯೆ ಕಾನೂನು ಬಂತು, ದೊಡ್ಡ ಅಂಗಡಿಗೆ ಸಮಿತಿಯ ಅನುಮತಿ ಬೇಕು ಎಂದು. ಆದರೂ ಅಂಗಡಿಗಳು ಏಳುತ್ತಲೇ ಹೋದವು. ಕಾರಣ ಸರಳ. ಫ್ರಾನ್ಸಿನಲ್ಲಿ ಪ್ರತಿ ಸಣ್ಣ ಊರಿಗೂ ತನ್ನದೇ ಮೇಯರ್, ತನ್ನದೇ ತೆರಿಗೆ. ಅಂಗಡಿ ಎದ್ದ ಊರಿಗೆ ಆದಾಯ, ಗಿರಾಕಿ ಕಳೆದುಕೊಂಡ ಪಕ್ಕದ ಊರಿಗೆ ನಷ್ಟ. ಮುಲೂಜಿನ ಉತ್ತರಕ್ಕೆ ಕಿಂಗರ್ಸ್‌ಹೈಮ್, ವಿಟ್ಟನ್‌ಹೈಮ್ ಎಂಬ ಊರುಗಳಿವೆ, ಅಲ್ಲಿ ಕಾರಿನಲ್ಲಿ ಹೋದರೆ ರಸ್ತೆಯ ಎರಡೂ ಬದಿಗೆ ಮಳಿಗೆಯೋ ಮಳಿಗೆ.

ಮುಲೂಜಿನ ನಗರಸಭೆ 2011ರಲ್ಲಿ ಊರ ಮಧ್ಯಕ್ಕೆಂದೇ ಒಂದು ಯೋಜನೆ ಶುರು ಮಾಡಿತು, 'ಮುಲೂಜ್ ಗ್ರಾಂದ್ ಸಾಂತ್ರ್'. ಆಗ ಮೇಯರ್ ಆಗಿದ್ದವರು ಝಾಂ ರೋಟ್ನರ್, ಮೂಲತಃ ತುರ್ತು ಚಿಕಿತ್ಸೆಯ ವೈದ್ಯರು. ನೆಲಹಾಸು ಬದಲಾಯಿಸಿದರು, ಗಿಡ ನೆಟ್ಟರು, ಕಾರು ಕಡಿಮೆ ಮಾಡಿದರು. ಇದನ್ನು ಎಲ್ಲರೂ ಮಾಡುತ್ತಾರೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅಂಗಡಿ ಬೀದಿಗಳನ್ನು ನೋಡಿಕೊಳ್ಳುವುದಕ್ಕೇ ಒಬ್ಬ ಮ್ಯಾನೇಜರನ್ನು ಇಟ್ಟರು. ಖಾಲಿ ಅಂಗಡಿಯ ಮಾಲೀಕ ಯಾರು, ಎಲ್ಲಿದ್ದಾನೆ, ಬಾಡಿಗೆ ಎಷ್ಟು ಕೇಳುತ್ತಾನೆ, ಇಳಿಸುತ್ತಾನಾ, ಆ ಜಾಗಕ್ಕೆ ಯಾವ ವ್ಯಾಪಾರ ಹೊಂದುತ್ತದೆ ಎಂದು ತಿರುಗುವುದೇ ಈ ಹುದ್ದೆಯ ಕೆಲಸ. ಮಾಲೀಕ ಎಷ್ಟೋ ಸಲ ಇನ್ನೆಲ್ಲೋ ಇರುತ್ತಾನೆ. ಅಜ್ಜನ ಅಂಗಡಿ ನಾಲ್ಕು ಮೊಮ್ಮಕ್ಕಳಿಗೆ ಬಂದಿರುತ್ತದೆ, ಇಬ್ಬರಿಗೆ ಮಾತಿಲ್ಲ. ಈ ಕಥೆ ನಿಮಗೆ ಹೊಸದೇನಲ್ಲ ಬಿಡಿ.

ಇನ್ನೊಂದು ವಿಷಯ ಮೆಟ್ಟಿಲಿನದು. ಫ್ರಾನ್ಸಿನ ಹಳೆ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಅಂಗಡಿಯವರು ಗಾಜು ಅಗಲ ಮಾಡಲು ಪಕ್ಕದ ಬಾಗಿಲು, ಮೆಟ್ಟಿಲು ಒಡೆದು ಅಂಗಡಿಗೆ ಸೇರಿಸಿಕೊಂಡರು. ಮೇಲಿನ ಮನೆಗೆ ಹೋಗಲು ಅಂಗಡಿಯ ಒಳಗಿನಿಂದಲೇ ದಾರಿ. ಯಾರು ಬಾಡಿಗೆಗೆ ಬರುತ್ತಾರೆ? ಮೂರು ಮಹಡಿ ಪಾರಿವಾಳಕ್ಕೆ. ರಾತ್ರಿ ಬೀದಿಯಲ್ಲಿ ಒಂದು ಕಿಟಕಿಯಲ್ಲೂ ದೀಪ ಇಲ್ಲ. ಆಮೇಲೆ ಕೆಳಗಿನ ಅಂಗಡಿಯೂ ಮುಚ್ಚಿತು. ಎರಡೂವರೆ ಮೀಟರ್ ಗಾಜಿನ ಆಸೆಗೆ ಗಿರಾಕಿಯ ಮನೆಯನ್ನೇ ಮುಚ್ಚಿಬಿಟ್ಟಿದ್ದರು. ಅದಕ್ಕೇ ಈಗ ಊರ ಮಧ್ಯದ ದುರಸ್ತಿ ಎಂದರೆ ಹಳೆ ಮನೆಗಳ ದುರಸ್ತಿಯೂ ಸೇರುತ್ತದೆ.

ದೇಶದ ಮಟ್ಟದಲ್ಲೂ ಸರ್ಕಾರಕ್ಕೆ ಬಿಸಿ ತಟ್ಟಿತು. ಖಾಲಿ ಬಿದ್ದ ಅಂಗಡಿಗೆ ತೆರಿಗೆ ಹಾಕುವ ಅಧಿಕಾರ ನಗರಸಭೆಗಳಿಗೆ ಇದೆ. ಬಾಡಿಗೆ ಬೆಲೆಯ ಮೇಲೆ ಮೊದಲ ವರ್ಷ ಶೇ. 10, ಆಮೇಲೆ 15, ಆಮೇಲೆ 20, ಬೇಕಿದ್ದರೆ ದುಪ್ಪಟ್ಟು. 2018ರಲ್ಲಿ 'ಆಕ್ಸಿಯೋಂ ಕರ್ ದ ವಿಲ್' ಯೋಜನೆಗೆ 222 ಊರುಗಳನ್ನು ಆರಿಸಿ, ಐದು ವರ್ಷಕ್ಕೆ 500 ಕೋಟಿ ಯೂರೋ ಎಂದರು. ಊರ ಹೊರಗೆ ಹೊಸ ಮಳಿಗೆಯ ಅರ್ಜಿ ಬಂದರೆ ಕೆಲವು ವರ್ಷ ತಡೆಹಿಡಿಯುವ ಅಧಿಕಾರವನ್ನು ಜಿಲ್ಲಾ ಅಧಿಕಾರಿಗೆ ಕೊಡುವ ಕಾನೂನೂ ಅದೇ ವರ್ಷ ಬಂತು. 1963ರಿಂದ ಲೆಕ್ಕ ಹಾಕಿ, ಎಷ್ಟು ವರ್ಷವಾಯಿತು!

2022ರ ಮೇ ತಿಂಗಳು. ರೈಲು ಇಳಿದು ನಡೆದೇ ಹೋದೆ. ಕಾಡುಮನುಷ್ಯನ ಬೀದಿಯಲ್ಲಿ ಸುಣ್ಣ ಬಳಿದ ಗಾಜನ್ನು ಎಣಿಸುತ್ತಾ ಹೋದೆ, ಹಳೆ ಅಭ್ಯಾಸ. ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಒಳಗಿನ ಓಣಿಗಳಲ್ಲಿ ಹೊಸ ಬೋರ್ಡುಗಳು. ಕಾಮಿಕ್ಸ್ ಮಾರುವವರು, ಬಿಯರ್ ತಾವೇ ಕುದಿಸುವವರು, ಸಾವಯವ ದಿನಸಿಯವರು. ಎಂಗೆಲ್‌ಮಾನ್ ಹೆಸರು ಹೊತ್ತ ಕಟ್ಟಡದಲ್ಲಿ ಒಂದು ಪುಸ್ತಕದ ಅಂಗಡಿ, ಹೆಸರು '47 ಡಿಗ್ರಿ ಉತ್ತರ'. ಊರಿನ ಅಕ್ಷಾಂಶವೇ ಅಂಗಡಿಯ ಹೆಸರು! ಸುಮಾರು ಎಂಟು ವರ್ಷದಲ್ಲಿ 470ಕ್ಕೂ ಹೆಚ್ಚು ಅಂಗಡಿಗಳು ಹೊಸದಾಗಿ ಬಾಗಿಲು ತೆರೆದವು, ಅದರಲ್ಲಿ ಮುಕ್ಕಾಲು ಪಾಲು ಚೈನ್ ಅಂಗಡಿಗಳಲ್ಲ, ಸ್ವಂತದವು.

ಚೌಕದಲ್ಲಿ ಹಳೆಯ ಟೌನ್ ಹಾಲ್ ಇದೆ, 1552ರದು. ಗೋಡೆಯ ತುಂಬ ಚಿತ್ರ. ಕಂಬ, ಗೂಡು ಎಲ್ಲ ಬರೀ ಬಣ್ಣದಲ್ಲಿ ಬರೆದದ್ದು, ದೂರದಿಂದ ನಿಜವೇ ಅನ್ನಿಸುತ್ತದೆ. ಪಕ್ಕದ ಗೋಡೆಯಲ್ಲಿ ಒಂದು ಕಲ್ಲಿನ ಮುಖ ನೇತಾಡುತ್ತದೆ, ಕಣ್ಣು ಬಿಟ್ಟುಕೊಂಡು ನಾಲಗೆ ಹೊರಚಾಚಿದೆ. ಅದು ಕ್ಲಾಪರ್‌ಸ್ಟೈನ್, ಬಾಯಿಬಡುಕರ ಕಲ್ಲು. ಸುಮಾರು 12 ಕಿಲೋ. ಊರಿನಲ್ಲಿ ಯಾರ ಮೇಲಾದರೂ ಇಲ್ಲದ್ದು ಹಬ್ಬಿಸಿದವರ ಕೊರಳಿಗೆ ಅದನ್ನು ಕಟ್ಟಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡುತ್ತಿದ್ದರು. ಕೊನೆಯ ಸಲ ಕಟ್ಟಿದ್ದು 1781ರಲ್ಲಿ. ಗೋಡೆಯಲ್ಲಿರುವುದು ನಕಲು, ಅಸಲಿ ಕಲ್ಲು ಒಳಗೆ ಮ್ಯೂಸಿಯಂನಲ್ಲಿದೆ. ಸತ್ತ ಊರು ಎಂದು ಎರಡು ವರ್ಷ ಹೇಳಿದವಳು ಅದರ ಕೆಳಗೆ ಸ್ವಲ್ಪ ಹೊತ್ತು ನಿಂತೆ.

ಮರುದಿನ ಶನಿವಾರ, ಸಂತೆ. ಕೊತ್ತಂಬರಿ ಅಂಗಡಿ ಅದೇ ಜಾಗದಲ್ಲಿ. ಉಣ್ಣೆ ಟೋಪಿಯವರಿಲ್ಲ, ನಲವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಅದೇ ಮೂಗು. ಕೇಳಿದೆ. "ನಮ್ಮಪ್ಪ. ಈಗ ಮನೆಯಲ್ಲಿದ್ದಾರೆ, ಮೊಣಕಾಲು ನೋವು. ಜಾಗ ನನಗೆ ಬಂತು," ಎಂದರು.

ಜಾಗ ಬಂತು ಎಂಬುದು ಸಣ್ಣ ಮಾತಲ್ಲ. ಸಂತೆಯ ನೆಲ ನಗರಸಭೆಯದು, ಯಾರ ಸ್ವತ್ತೂ ಅಲ್ಲ. ಕೆಲವರಿಗೆ ಕಾಯಂ ಜಾಗ. ಉಳಿದವರು ಬೆಳಿಗ್ಗೆ ಬಂದು ಕಾಯಬೇಕು. 'ಪ್ಲಾಸಿಯೆ' ಎಂಬ ಅಧಿಕಾರಿ ತಿರುಗುತ್ತಾ ಅವತ್ತು ಯಾರು ಬಂದಿಲ್ಲ ಎಂದು ನೋಡಿ ಖಾಲಿ ಜಾಗ ಹಂಚುತ್ತಾರೆ. ಸುಂಕ ಅಳತೆಯ ಮೇಲೆ, ಮೀಟರಿಗೆ ಇಷ್ಟು ಎಂದು. ಅಪ್ಪ ಮೂವತ್ತು ವರ್ಷ ನಿಂತಿದ್ದರೂ ಮಗನಿಗೆ ಜಾಗ ಸಿಗುತ್ತದೆ ಎಂಬ ಖಾತ್ರಿ ಮೊದಲು ಇರಲಿಲ್ಲ. 2014ರ ಪಿನೆಲ್ ಕಾನೂನು ಬಂದ ಮೇಲೆ ಹಳೆಯ ವ್ಯಾಪಾರಿ ನನ್ನ ನಂತರ ಇವರು ಎಂದು ಮೇಯರ್ ಮುಂದೆ ಹೆಸರು ಕೊಡಬಹುದು. ಊರ ಮಧ್ಯದ ಬಗ್ಗೆ ಭಾಷಣ ಮಾಡುವವರು ಈ ಕಾನೂನಿನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ. ನನಗಂತೂ ನೆಲಹಾಸಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಅವರೇ ಇನ್ನೊಂದು ಹೇಳಿದರು. 2020ರ ಮಾರ್ಚಿನಲ್ಲಿ ಫ್ರಾನ್ಸಿನಲ್ಲಿ ಕೋವಿಡ್ ಮೊದಲು ಜೋರಾಗಿ ಬಡಿದದ್ದು ಈ ಊರಿಗೇ, ಆಸ್ಪತ್ರೆಯ ಪಾರ್ಕಿಂಗ್ ಜಾಗದಲ್ಲಿ ಸೈನ್ಯ ಡೇರೆ ಆಸ್ಪತ್ರೆ ಹಾಕಿತ್ತು. ಅದೇ ತಿಂಗಳ ಕೊನೆಗೆ ಸರ್ಕಾರ ದೇಶದ ಸಂತೆಗಳನ್ನು ಮುಚ್ಚಿಸಿತು. ಸೂಪರ್‌ಮಾರ್ಕೆಟ್ ತೆರೆದೇ ಇತ್ತು. "ಗಾಳಿಯಾಡುವ ಜಾಗ ಮುಚ್ಚಿದರು, ಗಾಳಿಯಾಡದ ಜಾಗ ತೆರೆದಿಟ್ಟರು," ಎಂದು ನಕ್ಕರು. ಅಪ್ಪ ಮಾತ್ರ ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡುಗೆಮನೆಯಲ್ಲಿ ಟೋಪಿ ಹಾಕಿಕೊಂಡು ಕೂತಿರುತ್ತಿದ್ದರಂತೆ.

ಎಲ್ಲ ಸರಿಹೋಯಿತು ಎಂದು ಹೇಳಲು ನಾನು ಬಂದಿಲ್ಲ. ಮುಲೂಜ್ ಇವತ್ತಿಗೂ ಬಡ ಊರು. ಹೊಸ ಕಾಫಿ ಅಂಗಡಿಯಲ್ಲಿ ಕೂತವರ ಕೈಯಲ್ಲಿ ಸಂತೆಯ ಚೀಲ ನನಗೆ ಕಂಡದ್ದು ಕಡಿಮೆ. ಸಂತೆಯಲ್ಲಿ ಒಂದು ಯೂರೋ ಟ್ರೇಗೆ ಕಾಯುವವರು ಆ ಕಾಫಿಗೆ ಹೋಗುವುದಿಲ್ಲ. ನಡುವೆ ಕೆಲವು ನಿಮಿಷದ ದಾರಿ. ಒಬ್ಬರನ್ನೊಬ್ಬರು ಮುಟ್ಟದೆ ಎರಡು ಊರು ಒಂದೇ ಟ್ರಾಮಿನಲ್ಲಿ ಓಡಾಡುತ್ತವೆ. ಆದರೂ ಖಾಲಿ ಗಾಜಿನ ಆ ಕೆಟ್ಟ ವರ್ಷಗಳಲ್ಲಿ, ಊರ ಮಧ್ಯಕ್ಕೆ ಬರುವ ಅಭ್ಯಾಸವನ್ನು ಜನರ ಕಾಲಿಗೆ ಉಳಿಸಿಕೊಟ್ಟದ್ದು ಯಾರು? ನನ್ನ ಪ್ರಕಾರ ಕೊತ್ತಂಬರಿ, ಆಲೂಗಡ್ಡೆ, ಎರಡು ಯೂರೋದ ಕಾಲುಚೀಲ ಮಾರುವವರು. 470 ಅಂಗಡಿಯ ಲೆಕ್ಕದಲ್ಲಿ ಅವರು ಒಬ್ಬರೂ ಇಲ್ಲ.

ದಾರದ ವಿಷಯ ಬಾಕಿ ಇದೆ. ಹೊರಡುವಾಗ ಅಮ್ಮ ಒಂದು ಹಳೆ ಕಾಗದದ ಪಟ್ಟಿ ಕೊಟ್ಟಿದ್ದಳು, ನಂಬರ್ 321. ಕೆಂಪು. ಮೂವತ್ತು ವರ್ಷದ ಹಿಂದೆ ಒಂದು ಮೇಜುಬಟ್ಟೆಗೆ ಹೂ ಹಾಕುವಾಗ ದಾರ ಮುಗಿದು, ಮೂಲೆಯ ಒಂದು ಹೂವು ಅರ್ಧಕ್ಕೆ ನಿಂತಿತ್ತು. "ಅದೇ ಊರಿಗೆ ಹೋಗ್ತಿದ್ದೀಯಲ್ಲ, ತಗೊಂಡು ಬಾ" ಎಂದಿದ್ದಳು. ಓಣಿಯೊಂದರಲ್ಲಿ ಸೂಜಿ, ಗುಂಡಿ, ಲೇಸ್ ಮಾರುವ ಅಂಗಡಿ ಸಿಕ್ಕಿತು. ಚಿಕ್ಕ ಹುಡುಗಿಯ ಅಂಗಡಿ, ತೆರೆದು ಮೂರು ವರ್ಷವಂತೆ. ಪಟ್ಟಿ ನೋಡಿ, ಮಾತಾಡದೆ ಡ್ರಾಯರ್ ಎಳೆದು ಲಡಿ ತೆಗೆದುಕೊಟ್ಟಳು. ಒಂದು ಕೊಂಡೆ. ಆಮೇಲೆ ಇರಲಿ ಅಂತ ಇನ್ನೊಂದು, ಅದೇ ಇದು.

ಮನೆಗೆ ತಂದು ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಬಟ್ಟೆಯ ಪಕ್ಕ ಇಟ್ಟು ನೋಡಿದಳು. "ಇದು ಬೇರೆ ಕೆಂಪು ಕಣೇ" ಎಂದಳು.

"ನಂಬರ್ ಅದೇ ಅಮ್ಮ. ಬಟ್ಟೆಗೆ ಮೂವತ್ತು ವರ್ಷ ಕಿಟಕಿ ಬಿಸಿಲು ಬಿದ್ದಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಸೂಜಿಗೆ ದಾರ ಪೋಣಿಸಿದಳು. ಆ ಮೇಜುಬಟ್ಟೆ ತಂದಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ, ಎಡಗಡೆ ಕೆಳಗಿನ ಮೂಲೆ ನೋಡಿ.